ಹುಳಿ ಹುಲಿಯಾಗಬಾರದು: ಎಕೋ ತೆಗೆಯಲು ನಾನು ನೋಡಿದ ನಾಲ್ಕು ದಾರಿ

ಅಜ್ಜಿ ಊರಿನ ಮನೆ ಖಾಲಿ ಮಾಡುತ್ತಿದ್ದ ವಾರ ಅದು. ಹಾಸಿಗೆ, ಪರದೆ, ಬಟ್ಟೆ ಗಂಟು ಎಲ್ಲ ಲಾರಿ ಹತ್ತಿದ್ದವು. ನಡುಮನೆಯಲ್ಲಿ ಉಳಿದಿದ್ದು ಒಂದು ಮರದ ಕುರ್ಚಿ, ಅದರಲ್ಲಿ ಅಜ್ಜಿ. ಮದುವೆಯಾಗಿ ಬಂದ ಹೊಸತರಲ್ಲಿ 40 ಜನಕ್ಕೆ ಹುಳಿ ಮಾಡಿದ ಕಥೆ ಶುರು ಮಾಡಿದರು. ಫೋನನ್ನು ಕಿಟಕಿ ಕಟ್ಟೆ ಮೇಲಿಟ್ಟು ರೆಕಾರ್ಡ್ ಒತ್ತಿದೆ. ಅಜ್ಜಿಯಿಂದ ಆರಡಿ ದೂರ. ಆಮೇಲೆ ಕೇಳಿದರೆ ಬಾವಿಯೊಳಗಿಂದ ಮಾತಾಡಿದ ಹಾಗಿತ್ತು. ಹೊಸ ಮನೆಗೆ ಬಂದ ಮೇಲೆ ಅದೇ ಕಥೆ ಮತ್ತೆ ಹೇಳಿಸಿದೆ. ಆ ಮನೆಯಲ್ಲಿ ಕೂತು ಹೇಳಿದ ಹಾಗೆ ಬರಲಿಲ್ಲ. ಹಾಗಾಗಿ ಮೊದಲಿನದ್ದನ್ನೇ ಉಳಿಸಿಕೊಳ್ಳಬೇಕಿತ್ತು.

ನಾವೆಲ್ಲ ಇದಕ್ಕೆ 'ಎಕೋ ಹೊಡೀತಿದೆ' ಅಂತೀವಿ. ನಿಜವಾದ ಎಕೋ ಬೇರೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗೋಡೆ 17 ಮೀಟರ್ ದೂರ ಇದ್ದರೆ ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. ಆಗ ಅದು ಬೇರೆ ಸದ್ದಾಗಿ ಕೇಳುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಹಲವು ಸಲ ಮರಳಿ ಬರುವುದು ಹೀಗೆ. ಮನೆಯ ಕೋಣೆಯಲ್ಲಿ ಗೋಡೆಗಳು ಹತ್ತಿರ. ಸಾವಿರಾರು ಮರುಸದ್ದು ಒಂದರ ಮೇಲೊಂದು ಬಿದ್ದು ಗುಂಗಾಗುತ್ತದೆ. ಅದು ರಿವರ್ಬ್. ತೆಗೆಯುವುದು ಕಷ್ಟ ಯಾಕೆಂದರೆ ಆ ಗುಂಗೂ ಅಜ್ಜಿಯ ದನಿಯೇ.

ಪರೀಕ್ಷೆಗೆ ಒಂದೇ ವಾಕ್ಯ ಆರಿಸಿಕೊಂಡೆ: "ಅತ್ತೆ ಬಂದ್ರು, ಹುಳಿ ಮುಚ್ಚಳ ತೆಗೆದು ನೋಡಿದ್ರು, ಏನೂ ಹೇಳ್ಲಿಲ್ಲ."

ಮೊದಲು ಅಡಾಸಿಟಿ ಅನ್ನುವ, ಸದ್ದು ತಿದ್ದುವ ಸಾಫ್ಟ್‌ವೇರ್. ಪುಕ್ಕಟೆ ಸಿಗುತ್ತದೆ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಎಲ್ಲರೂ ಮಾಡುವ ಹಾಗೆ ನಾನೂ ನಾಯ್ಸ್ ರಿಡಕ್ಷನ್‌ಗೆ ಕೈ ಹಾಕಿದೆ. ಅದು ಈ ಕೆಲಸಕ್ಕಲ್ಲ. ಮಾತಿಲ್ಲದ ಜಾಗದಿಂದ ಮಾದರಿ ತೆಗೆದುಕೊಂಡು, ಒಂದೇ ಸಮ ಇರುವ ಫ್ಯಾನಿನ ಸದ್ದಿನಂಥದ್ದನ್ನು ಕಳೆಯುತ್ತದೆ. ರಿವರ್ಬ್ ಪ್ರತಿ ಅಕ್ಷರಕ್ಕೂ ಬದಲಾಗುತ್ತದೆ, ಅಲ್ವಾ? ಮುಂದಿನದು ನಾಯ್ಸ್ ಗೇಟ್. ದನಿ ಒಂದು ಮಟ್ಟಕ್ಕಿಂತ ಇಳಿದಾಗ ಬಾಗಿಲು ಹಾಕಿಕೊಳ್ಳುತ್ತದೆ, ಮಾತುಗಳ ನಡುವಿನ ಬಾಲ ಕತ್ತರಿಸುತ್ತದೆ. ಮಾತಿನ ಒಳಗಿನ ಗುಂಗು ಹಾಗೇ ಉಳಿಯುತ್ತದೆ. ಗೇಟಿನ ಮಟ್ಟವನ್ನು ನಾನು ಮೊದಲು ಜಾಸ್ತಿ ಇಟ್ಟುಬಿಟ್ಟಿದ್ದೆ. ಕೇಳಿದ್ದು ಹೀಗೆ: "ಏನೂ ಹೇಳ್". 'ಲಿಲ್ಲ' ಹೋಗಿತ್ತು. ಕನ್ನಡದಲ್ಲಿ ಯಾರು ಬಂದರು, ಹೇಳಿದರೋ ಇಲ್ಲವೋ ಎಲ್ಲವೂ ಕೂತಿರುವುದು ಕೊನೆಯಲ್ಲೇ. ವಯಸ್ಸಾದವರ ದನಿ ಇಳಿಯುವುದೂ ಅಲ್ಲೇ. ಹಾಗಾಗಿ ಬಾಗಿಲು ಹಾಕಿದಾಗ ಸದ್ದು ಎಷ್ಟು ಇಳಿಯಬೇಕು ಅನ್ನುವ ಲೆವೆಲ್ ರಿಡಕ್ಷನ್ -24 ಬದಲು -8 ಡೆಸಿಬೆಲ್‌ಗೆ ತಂದೆ, ಡಿಕೇ, ಅಂದರೆ ಬಾಗಿಲು ಮುಚ್ಚಲು ಹಿಡಿಯುವ ಹೊತ್ತು, ಉದ್ದ ಮಾಡಿದೆ. ದಪ್ಪ, ತೆಳು ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಇಕ್ಯೂನಲ್ಲಿ 300 ಹರ್ಟ್ಸ್ ಸುತ್ತಲಿನ ದಪ್ಪ ಸದ್ದನ್ನು 4 ಡೆಸಿಬೆಲ್ ಇಳಿಸಿದೆ. ಡಬ್ಬದೊಳಗಿನ ದನಿ ಸ್ವಲ್ಪ ಹೊರಗೆ ಬಂತು. ದುಡ್ಡು ಹಾಕದವರಿಗೆ ಇಷ್ಟು ಸಾಕು.

ಎರಡನೆಯದು, ಫೈಲನ್ನು ಬ್ರೌಸರ್‌ನಲ್ಲಿ ಹಾಕಿದರೆ ತಾನೇ ಸ್ವಚ್ಛ ಮಾಡಿ ಕೊಡುವ ಒಂದು ಎಐ ಸೇವೆ. ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತು. ಅಜ್ಜಿ ಆಕಾಶವಾಣಿ ಸ್ಟುಡಿಯೋದಲ್ಲಿ ಕೂತ ಹಾಗಿತ್ತು. ಎರಡನೇ ಸಲ ಹೆಡ್‌ಫೋನ್ ಹಾಕಿ ಕೇಳಿದೆ. 'ಹುಳಿ' ಅನ್ನುವುದು 'ಹುಲಿ' ಆಗಿತ್ತು, 'ಮುಚ್ಚಳ' 'ಮುಚ್ಚಲ' ಆಗಿತ್ತು. ಇಂಥ ಕೆಲವು ಉಪಕರಣಗಳು ಗುಂಗನ್ನು ಸುಮ್ನೆ ಕಳೆಯುವುದಿಲ್ಲ. ಕಲಿತ ದನಿಗಳ ಆಧಾರದಲ್ಲಿ ಮಾತನ್ನು ಹೊಸದಾಗಿ ಕಟ್ಟುತ್ತವೆ. ಮಸುಕಾಗಿದ್ದ ಕಡೆ ಊಹೆ ಮಾಡುತ್ತವೆ. ಯೂಟ್ಯೂಬಿಗೆ ಹಾಕುವ ಎರಡು ನಿಮಿಷದ ವಿಡಿಯೋಗೆ ನಡೆದೀತು. ಅಜ್ಜಿಯ ಮಾತಿಗೆ ನಾನು ಇದನ್ನು ಒಪ್ಪುವುದಿಲ್ಲ.

ಸದ್ದು ತಿದ್ದುವ ಇನ್ನೊಂದು ಸಾಫ್ಟ್‌ವೇರ್ ಅಡೋಬಿ ಆಡಿಷನ್‌ನ ಡಿರಿವರ್ಬ್ (ರಿವರ್ಬ್ ಇಳಿಸುವ ಉಪಕರಣ) ಬಗ್ಗೆ ಹೇಳುವುದು ಕಡಿಮೆ. ತಿಂಗಳ ಬಾಡಿಗೆ ಕೊಡಬೇಕು. ಎಷ್ಟು ತೆಗೆಯಬೇಕು ಅನ್ನುವುದಕ್ಕೆ ಒಂದು ಸ್ಲೈಡರ್, ಯಾವ ಶ್ರುತಿಯ ಕಡೆ ಒತ್ತು ಕೊಡಬೇಕು ಅನ್ನುವುದಕ್ಕೆ ಕೆಲವು ಬಟನ್. 30 ಪರ್ಸೆಂಟ್‌ನಲ್ಲಿ ಕೊನೆಯ 'ಲಿಲ್ಲ' ಪೂರ್ತಿ ಉಳಿಯಿತು, ಗುಂಗು ಇಳಿಯಿತು. ಆಗಲೇ ಬಾಡಿಗೆ ಕಟ್ಟುತ್ತಿರುವವರು ಬೇರೆ ಹುಡುಕಬೇಕಾಗಿಲ್ಲ.

ನನ್ನ ಮನಸ್ಸು ಗೆದ್ದಿದ್ದು ನಾಲ್ಕನೆಯದು, ಹಾಳಾದ ರೆಕಾರ್ಡಿಂಗ್ ಸರಿ ಮಾಡುವ ಸಾಫ್ಟ್‌ವೇರ್ ಐಜೋಟೋಪ್ ಆರ್‌ಎಕ್ಸ್. ಗೆಳೆಯನ ಕಂಪ್ಯೂಟರಿನಲ್ಲಿ ಒಂದು ಭಾನುವಾರ ಪೂರ್ತಿ ಕೂತೆ. ಬೆಲೆ ದುಬಾರಿ. ಆದರೆ ಅದರ ಡಿ-ರಿವರ್ಬ್‌ನಲ್ಲಿ 'ಔಟ್‌ಪುಟ್ ರಿವರ್ಬ್ ಓನ್ಲಿ' ಅಂತ ಒಂದು ಗುಂಡಿ ಇದೆ. ಒತ್ತಿದರೆ ನೀವು ತೆಗೆಯುತ್ತಿರುವುದು ಮಾತ್ರ ಕೇಳುತ್ತದೆ. ಮೊದಲು ಲರ್ನ್ ಒತ್ತಿ ಆ ಕೋಣೆಯ ಗುಣ ಕಲಿಸಿದೆ. ರಿಡಕ್ಷನ್ ನಿಧಾನವಾಗಿ ಏರಿಸಿದೆ. ಸ್ವಲ್ಪ ಹೊತ್ತು ಬರೀ ಗಾಳಿಯಂಥ ಗುಂಗು. ಇನ್ನೂ ಏರಿಸಿದಾಗ ಅದರಲ್ಲಿ 'ಮುಚ್ಚಳ'ದ 'ಚ್ಚ' ಟಕ್ ಅಂತ ಕೇಳಿಸಿತು. ಅಲ್ಲಿಗೆ ಕೈ ತಡೆದು ಒಂದಿಷ್ಟು ಹಿಂದಕ್ಕೆ ಬಂದೆ. ಏನು ಕಳೆದುಕೊಳ್ಳುತ್ತಿದ್ದೇನೆ ಅಂತ ಕಿವಿಗೇ ತೋರಿಸುವ ಈ ಒಂದು ಸೌಲಭ್ಯಕ್ಕೆ ದುಡ್ಡು ಕೊಡಬಹುದು ಅಂತ ನನಗೆ ಅನಿಸಿದೆ. ಯಾವ ಉಪಕರಣವೇ ಆಗಲಿ, ಜಾಸ್ತಿ ಎಳೆದರೆ ದನಿ ನೀರೊಳಗೆ ಮುಳುಗಿದ ಹಾಗಾಗುತ್ತದೆ. ಅಜ್ಜಿಯ ಹಿಂದೆ ಆ ನಡುಮನೆ ಒಂಚೂರು ಕೇಳುತ್ತಲೇ ಇರಲಿ ಅಂತ ಬಿಟ್ಟೆ.

ರೆಕಾರ್ಡ್ ಮಾಡುವಾಗಲೇ ಫೋನ್ ಹತ್ತಿರ ಇಟ್ಟಿದ್ದರೆ ಇಷ್ಟು ಒದ್ದಾಟ ಬೇಕಿರಲಿಲ್ಲ. ದೂರ ಅರ್ಧವಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಗೋಡೆಯಿಂದ ಬರುವ ಗುಂಗು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆರಡಿಯಿಂದ ಒಂದೂವರೆ ಅಡಿಗೆ ಬಂದರೆ 12 ಡೆಸಿಬೆಲ್ ಲಾಭ. ಸದ್ದು ಹೀರಿಕೊಳ್ಳುವ ಬಟ್ಟೆಯ ಮಹಿಮೆಯೂ ದೊಡ್ಡದು. 1890ರ ದಶಕದಲ್ಲಿ ಹಾರ್ವರ್ಡ್‌ನ ಭೌತವಿಜ್ಞಾನಿ ವಾಲೇಸ್ ಸಬೈನ್ ಒಂದು ಉಪನ್ಯಾಸ ಕೋಣೆಯ ಗುಂಗಿಗೆ ಮದ್ದು ಹುಡುಕಲು ನಾಟಕಶಾಲೆಯ ಸೀಟಿನ ಮೆತ್ತೆಗಳನ್ನು ತಂದು ಹಾಕಿ ಅಳತೆ ಮಾಡಿದ್ದರು. ಅಜ್ಜಿ ಮನೆಯಲ್ಲಿ ಆ ಮೆತ್ತೆಗಳೆಲ್ಲ ಲಾರಿಯಲ್ಲಿದ್ದವು.

ಈಗ ಅಜ್ಜಿಯ ಕಥೆ ರೆಕಾರ್ಡ್ ಮಾಡುವುದು ಅವರ ಮಂಚದ ಮೇಲೆ. ಹಿಂದೆ ಕೌದಿ ಇಳಿಬಿಟ್ಟಿರುತ್ತೇನೆ, ಫೋನ್ ದಿಂಬಿನ ಮೇಲೆ ಒಂದೂವರೆ ಅಡಿ ದೂರ. ಮೊನ್ನೆ ಗೊಜ್ಜಿನ ಕಥೆ ಆಯಿತು. ಅದಕ್ಕೆ ಯಾವ ಸಾಫ್ಟ್‌ವೇರೂ ಬೇಕಾಗಲಿಲ್ಲ.