ಗ್ರೂಪ್ ಟೂರಿನಲ್ಲಿ ವೆನಿಸ್: ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ

ಐಟಿನರಿಯಲ್ಲಿ ‘ವೆನಿಸ್, ಒಂದು ದಿನ’ ಎಂದಿರುತ್ತದೆ. ಎಷ್ಟೋ ಗ್ರೂಪುಗಳಿಗೆ ಊರಿನೊಳಗೆ ಸಿಗುವುದು ಮೂರು ಗಂಟೆ, ಅದರಲ್ಲೂ ಸ್ವಂತಕ್ಕೆ ಉಳಿಯುವುದು ಒಂದೇ ಗಂಟೆ. ಆ ಹೊತ್ತು ಎಲ್ಲೆಲ್ಲಿ ಸೋರಿಹೋಗುತ್ತದೆ ಎಂದು ಮೊದಲೇ ತಿಳಿದಿರಲಿ.

ಮೊದಲು ಹೋಟೆಲು. ‘ವೆನಿಸ್ ಪ್ರದೇಶ’ ಎಂದು ಬರೆದಿದ್ದರೆ ಅದು ಸೇತುವೆಯ ಈಚೆ ದಡದ ಮೆಸ್ತ್ರೆ ಆಗಬಹುದು, 40 ಕಿ.ಮೀ. ದೂರದ ಪಾದೊವಾ ಕೂಡ ಆಗಬಹುದು. ಊರಿನ ಹೆಸರು ಬರೆಸಿಕೊಳ್ಳಿ. ಇದರಿಂದ ಪ್ರವೇಶ ಶುಲ್ಕದ ಲೆಕ್ಕವೂ ಬದಲಾಗುತ್ತದೆ. 2024ರಿಂದ ವರ್ಷದ ಆಯ್ದ ದಿನಗಳಲ್ಲಿ, ಹಗಲು ಹೊತ್ತು ಬಂದುಹೋಗುವವರು 5 ಯೂರೊ ಕಟ್ಟಬೇಕು. 2025ರಿಂದ ಕೊನೆ ಗಳಿಗೆಯಲ್ಲಿ ಬುಕ್ ಮಾಡಿದರೆ 10. ಮೆಸ್ತ್ರೆ ವೆನಿಸ್ ನಗರಸಭೆಗೆ ಸೇರಿದ್ದರಿಂದ ಅಲ್ಲಿ ತಂಗಿದವರಿಗೆ ವಿನಾಯಿತಿಯಿದೆ. ಪಾದೊವಾದವರಿಗೆ ಇಲ್ಲ.

ಬಸ್ಸು ಹಳೇ ಊರಿನೊಳಗೆ ಹೋಗಲಾರದು. ಸೇತುವೆ ದಾಟಿ ಟ್ರೊಂಕೆಟ್ಟೊ ದ್ವೀಪದಲ್ಲಿ ಇಳಿಸುತ್ತದೆ. ಮೊದಲು ಕಣ್ಣಿಗೆ ಬೀಳುವುದು ಕಾಂಕ್ರೀಟು, ಪಾರ್ಕಿಂಗು, ದೋಣಿಯ ಕ್ಯೂ. ಮನಸ್ಸು ಸಣ್ಣದು ಮಾಡಿಕೊಳ್ಳಬೇಡಿ. ಜುದೆಕ್ಕಾ ಕಾಲುವೆಯಲ್ಲಿ ಹೋಗುವ ದೋಣಿಯಾದರೆ ಎಡಗಡೆ ಕೂರಿ. ಕಾಲುವೆ ಮುಗಿದು ನೀರು ಅಗಲವಾಗುವಲ್ಲಿ ಗಂಟೆಗೋಪುರ, ದೋಜೆಯ (ಹಿಂದೆ ವೆನಿಸ್ಸನ್ನು ಆಳಿದ ಮುಖ್ಯಸ್ಥನ) ಅರಮನೆ ಒಟ್ಟಿಗೆ ಎದುರಾಗುತ್ತವೆ. ವೆನಿಸ್ಸನ್ನು ಮೊದಲ ಸಲ ನೋಡಬೇಕಾದದ್ದು ನೀರಿನಿಂದಲೇ. ಆಗ ಫೋನಿನಲ್ಲಿ ಮುಳುಗಿರಬೇಡಿ.

ಇಳಿದ ಮೇಲೆ ಹೊತ್ತು ನುಂಗುವುದು ಗಾಜಿನ ಅಂಗಡಿ. ಕುಲುಮೆಯೆದುರು ಹತ್ತು ನಿಮಿಷದ ಪ್ರದರ್ಶನ, ಆಮೇಲೆ ಅರ್ಧ ಗಂಟೆ ಮಾರಾಟ. 1291ರಲ್ಲಿ ಬೆಂಕಿಯ ಭಯಕ್ಕೆ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಿಸಿದ್ದರು, ಅಸಲಿ ಕಸುಬು ಇಂದಿಗೂ ಅಲ್ಲಿದೆ. ಕೊಳ್ಳುವುದಾದರೆ ‘ವೆತ್ರೊ ಆರ್ತಿಸ್ತಿಕೊ ಮುರಾನೊ’ ಗುರುತು ನೋಡಿ. ಬೇಡವೆಂದರೆ ಪ್ರದರ್ಶನ ಮುಗಿದ ಕೂಡಲೇ ಟೂರ್ ಮ್ಯಾನೇಜರಿಗೆ ಹೇಳಿ ಹೊರಗೆ ಬನ್ನಿ.

ಗೊಂಡೋಲಾದಲ್ಲಿ ತಲೆಲೆಕ್ಕ ಹಾಕಿ ದುಡ್ಡು ಕೇಳುತ್ತಾರೆ. ನಗರಾಡಳಿತದ ದರ ಇರುವುದು ದೋಣಿಗೆ: ಹಗಲಿನಲ್ಲಿ ಅರ್ಧ ಗಂಟೆಗೆ 90 ಯೂರೊ, ಸಂಜೆ 7ರ ಮೇಲೆ 110. ಐದು ಜನ ಕೂತರೆ ತಲೆಗೆ 18. ಇದಕ್ಕಿಂತ ಬಹಳ ಹೆಚ್ಚು ಕೇಳಿದರೆ ಐದು ಜನ ಸೇರಿ ನೀವೇ ಹತ್ತಿ.

ಸಾನ್ ಮಾರ್ಕೊ ಬಸಿಲಿಕಾ ಎಂಬ ದೊಡ್ಡ ಚರ್ಚು, ದೋಜೆಯ ಅರಮನೆ ಎರಡನ್ನೂ ಹೊರಗಿನಿಂದ ತೋರಿಸಿ ಮುಗಿಸುವುದೇ ಹೆಚ್ಚು. ಒಳಗಿನ ಟಿಕೆಟ್ ಪ್ಯಾಕೇಜಿನಲ್ಲಿದೆಯೇ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ಬಸಿಲಿಕಾದಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು, ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. 2024ರಿಂದ ಗೈಡ್ ಜೊತೆಗಿನ ಗುಂಪು 25 ಜನ ಮೀರುವಂತಿಲ್ಲ, ಧ್ವನಿವರ್ಧಕವೂ ನಿಷಿದ್ಧ. ನಲವತ್ತೈದು ಜನರ ಬಸ್ಸಿಗೆ ಒಬ್ಬನೇ ಗೈಡ್ ಎಂದರೆ ಅರ್ಧ ಜನ ಕಾಯುತ್ತಾ ನಿಲ್ಲಬೇಕು. ಎಷ್ಟು ಗೈಡುಗಳು, ಇಯರ್‌ಫೋನ್ ಕೊಡುತ್ತಾರೋ ಇಲ್ಲವೋ, ಕೇಳಿ.

ಚಳಿಗಾಲದತ್ತ ಹೋಗುವವರು ಗಮನಿಸಿ: ಉಬ್ಬರ 80 ಸೆಂ.ಮೀ. ದಾಟಿದರೆ ಬಸಿಲಿಕಾದೆದುರಿನ ಸಾನ್ ಮಾರ್ಕೊ ಚೌಕದಲ್ಲಿ ನೀರು ನಿಲ್ಲತೊಡಗುತ್ತದೆ. 2020ರಿಂದ ಸಮುದ್ರದ ಬಾಯಿಗೆ ತಡೆಗೇಟುಗಳಿದ್ದರೂ ಅವನ್ನು ಸಾಮಾನ್ಯವಾಗಿ ಎತ್ತುವುದು 110 ಸೆಂ.ಮೀ. ಮುನ್ಸೂಚನೆ ಇದ್ದಾಗ.

ಚೌಕದಲ್ಲಿ ನೆಲದ ಮೇಲೆ ಕೂತು ಚಪಾತಿ, ಪುಳಿಯೋಗರೆ ಬಿಚ್ಚಬೇಡಿ, ದಂಡ ಹಾಕುತ್ತಾರೆ. ನೀರಿನ ಬಾಟಲಿ ಕೊಳ್ಳಬೇಕಿಲ್ಲ, ಬೀದಿಯ ನಲ್ಲಿಗಳ ನೀರು ಕುಡಿಯಲು ಯೋಗ್ಯ.

ದೋಣಿಯಿಂದ ಇಳಿದ ಕಟ್ಟೆಯ ಹೆಸರನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಗ್ರೂಪಿನ ದೋಣಿ ತಪ್ಪಿದರೆ ಸಾನ್ ಜಕ್ಕರಿಯಾ ಕಟ್ಟೆಯಿಂದ 2ನೇ ಲೈನಿನ ವಾಪೊರೆಟ್ಟೊ (ಊರಿನ ಸಾರ್ವಜನಿಕ ದೋಣಿ) ಟ್ರೊಂಕೆಟ್ಟೊಗೆ ಹೋಗುತ್ತದೆ. ಟಿಕೆಟ್ 9.50 ಯೂರೊ, ಹತ್ತುವ ಮುನ್ನ ಕಟ್ಟೆಯ ಯಂತ್ರಕ್ಕೆ ತಾಗಿಸಲೇಬೇಕು.