ಜಾಯ್ ಡಿವಿಷನ್ 'ಸಬ್‌ಸ್ಟೆನ್ಸ್' ಎಲ್‌ಪಿ ತಗೊಳೋರು ಮೊದ್ಲು ಹಾಡು ಎಣಿಸ್ಕೊಳ್ಳಿ

ನಾನು ಮಾಡ್ಕೊಂಡ ಎಡವಟ್ಟು ಇನ್ನೊಬ್ರು ಮಾಡ್ಕೋಬಾರ್ದು ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ನಾನಿರೋದು ಮ್ಯಾಂಚೆಸ್ಟರ್‌ನಲ್ಲಿ, ಐಟಿ ಕೆಲ್ಸ. ಊರಿಗೆ ಹೊರಡೋ ಮುಂಚೆ ಅಕ್ಕಂಗೆ ಫೋನ್ ಮಾಡಿ ಏನು ತರ್ಲಿ ಅಂತ ಕೇಳಿದ್ರೆ ಭಾವ ಮಧ್ಯದಲ್ಲೇ ಫೋನ್ ಕಿತ್ಕೊಂಡು "ಅವ್ರ ಊರಲ್ಲೇ ಕೂತಿದೀಯಲ್ಲಪ್ಪ, ಜಾಯ್ ಡಿವಿಷನ್ ಸಬ್‌ಸ್ಟೆನ್ಸ್ ಎಲ್‌ಪಿ ತಗೊಂಡ್ ಬಾ, ಕೊಮಾಕಿನೊ ಹಾಡು ಇರೋದು" ಅಂದ್ರು. ಭಾವ ನನ್ನ ಹತ್ರ ಬಾಯ್ಬಿಟ್ಟು ಏನಾದ್ರೂ ಕೇಳಿದ್ದು ಅದೇ ಮೊದ್ಲು. ಆಯ್ತು ಭಾವ, ತರ್ತೀನಿ ಅಂದೆ.

ಗೊತ್ತಿಲ್ದೋರಿಗೆ ಹೇಳ್ಬಿಡ್ತೀನಿ. ಎಲ್‌ಪಿ ಅಂದ್ರೆ ದೊಡ್ಡ ಗ್ರಾಮಫೋನ್ ರೆಕಾರ್ಡು. ಜಾಯ್ ಡಿವಿಷನ್ ಮ್ಯಾಂಚೆಸ್ಟರ್ ಕಡೆಯ ರಾಕ್ ಬ್ಯಾಂಡು, ಅವ್ರು ಮಾಡಿದ್ದು ಎರಡೇ ಎರಡು ಸ್ಟುಡಿಯೋ ಆಲ್ಬಮ್ಮು, 1979ರಲ್ಲಿ ಒಂದು, 1980ರಲ್ಲಿ ಒಂದು. ಎರಡನೇದು ಅಂಗಡಿಗೆ ಬರೋ ಮುಂಚೇನೇ, 1980 ಮೇ 18ಕ್ಕೆ, ಹಾಡೋ ಇಯಾನ್ ಕರ್ಟಿಸ್ ತೀರ್ಕೊಂಡ್ಬಿಟ್ಟ, ಬರೀ 23 ವರ್ಷ. ಉಳಿದೋರು ನ್ಯೂ ಆರ್ಡರ್ ಅಂತ ಮುಂದುವರಿದ್ರು. ತಮಾಷೆ ಏನಂದ್ರೆ ಎಲ್ರೂ ಗುನುಗೋ ಟ್ರಾನ್ಸ್‌ಮಿಷನ್, ಅಟ್ಮಾಸ್ಫಿಯರ್, ಲವ್ ವಿಲ್ ಟೇರ್ ಅಸ್ ಅಪಾರ್ಟ್, ಈ ಮೂರು ಹಾಡೂ ಆ ಎರಡು ಆಲ್ಬಮ್ಮಲ್ಲಿ ಇಲ್ಲ. ಅಟ್ಮಾಸ್ಫಿಯರ್ ಅಂತೂ ಮೊದ್ಲು ಬಂದಿದ್ದೇ ಫ್ರಾನ್ಸಲ್ಲಿ, ಸಾವಿರದೈನೂರು ಚಿಲ್ಲರೆ ಕಾಪಿ ಅಷ್ಟೇ. ಹೀಗೆ ಅಲ್ಲಿ ಇಲ್ಲಿ ಚೆಲ್ಲಾಪಿಲ್ಲಿ ಆಗಿದ್ದನ್ನ 1978ರಿಂದ ಕೊನೇವರೆಗೂ ಒಂದ್ಕಡೆ ಗುಡ್ಡೆ ಹಾಕಿದ್ದು 1988ರ ಸಬ್‌ಸ್ಟೆನ್ಸು.

ಆನ್‌ಲೈನಲ್ಲಿ ಹುಡುಕ್ದೆ, ಹಳೇ ರೆಕಾರ್ಡ್ ಮಾರೋ ಒಬ್ಬ (ಹೆಸ್ರು ಬೇಡ ಬಿಡಿ) "1988ರ ಒರಿಜಿನಲ್, ಒಳ್ಳೇ ಕಂಡೀಷನ್, 17 ಹಾಡು" ಅಂತ ಹಾಕಿದ್ದ, ಕೆಳಗಡೆ ಪಟ್ಟೀನೂ ಇತ್ತು, ಕೊಮಾಕಿನೊ ಕೂಡ ಇತ್ತು, ನಾನು ಹಿಂದೆಮುಂದೆ ನೋಡ್ದೆ 40 ಪೌಂಡ್ ಕೊಟ್ಟೆ. ಪಾರ್ಸೆಲ್ ಬಂತು, ಬಿಚ್ಚಿದ್ರೆ ಪ್ರಯಾಣದಲ್ಲಿ ಬಗ್ಗೋಗತ್ತೆ ಅಂತ ಬಿಚ್ಚಲೇ ಇಲ್ಲ, ರಟ್ಟಿನ ಡಬ್ಬಿ ಸಮೇತ ಸ್ವೆಟರ್ ಮಧ್ಯ ಇಟ್ಟು ಸೂಟ್‌ಕೇಸ್ ಮುಚ್ದೆ. ಇದೇ ನೋಡಿ ನಾನು ಮಾಡಿದ ದೊಡ್ಡ ತಪ್ಪು.

ಬಸವನಗುಡಿ ಮನೇಲಿ ಭಾವ ಕೈ ತೊಳ್ಕೊಂಡ್ ಬಂದು, ಬ್ಲೇಡಲ್ಲಿ ಟೇಪ್ ಕೊಯ್ದು, ಕವರ್ ಹಿಡ್ಕೊಂಡು ನೋಡಿದ್ರು. ಆ ಕವರ್ ಮೇಲಿನ ಅಕ್ಷರ ನೀವು ನೋಡ್ಬೇಕು, ವಿಮ್ ಕ್ರೌವೆಲ್ ಅನ್ನೋ ಡಚ್ ಡಿಸೈನರ್ 1967ರಲ್ಲಿ ಮಾಡಿದ ಅಕ್ಷರ, ಸಬ್‌ಸ್ಟೆನ್ಸ್ ಅಂತ ಓದೋಕೇ ಆಗಲ್ಲ. ಅದನ್ನೆಲ್ಲ ವಿವರಿಸ್ತಾ ಭಾವ ಖುಷಿಯಾಗಿ ರೆಕಾರ್ಡ್ ಹಾಕಿದ್ರು. ವಾರ್ಸಾ ಅನ್ನೋ ಹಾಡಿಂದ ಶುರುವಾಯ್ತು, ಎರಡನೇ ಸೈಡ್ ಲವ್ ವಿಲ್ ಟೇರ್‌ಗೆ ಮುಗೀತು. ಸೂಜಿ ಎತ್ತಿ, ಲೇಬಲ್ ಮೇಲೆ ಬೆರಳಿಟ್ಟು ಎಣಿಸಿ "ಹತ್ತೇ ಇದೆಯಲ್ಲೋ" ಅಂದ್ರು. ಅಕ್ಕ ಅಡುಗೆಮನೆಯಿಂದ್ಲೇ "ಚೆನ್ನಾಗಿದೆ ಅಲ್ವಾ" ಅಂತ ಕೂಗಿದ್ಳು, ಇಬ್ರೂ ಉತ್ರ ಕೊಡ್ಲಿಲ್ಲ.

ವಿಷ್ಯ ಏನಂದ್ರೆ, 1988ರ ಎಲ್‌ಪೀಲಿ ಇರೋದೇ ಹತ್ತು. 17 ಅನ್ನೋದು ಸಿಡಿ ಲೆಕ್ಕ, ಸಿಡೀಲಿ ಜಾಗ ಜಾಸ್ತಿ ಅಂತ ಇನ್ನೂ ಏಳು ಸೇರಿಸಿದ್ರು, ಕೊಮಾಕಿನೊ, ದೀಸ್ ಡೇಸ್, ಗ್ಲಾಸ್ ಎಲ್ಲ ಆ ಏಳರಲ್ಲಿ. 2015ರಲ್ಲಿ ಎರಡು ರೆಕಾರ್ಡಿನ ಸೆಟ್ ಬಂತು, ಅದ್ರಲ್ಲಿ ಸಿಡೀದಷ್ಟೂ ಇದೆ, ಮೇಲೆ ಎರಡು ಸೇರಿ 19. ಅಂದ್ರೆ 1988ರ ಎಲ್‌ಪಿ ಅಂತ ಹಾಕಿ 17 ಅಂದಿದ್ದಾಗ್ಲೇ ನಂಗೆ ಡೌಟ್ ಬರ್ಬೇಕಿತ್ತು, ಪುಣ್ಯಾತ್ಮ ಸಿಡಿ ಪಟ್ಟೀನ ಹಾಗೇ ಎತ್ತಿ ಅಂಟಿಸಿದ್ದ. ಹೊಟ್ಟೆ ಉರಿಯೋದು ಇನ್ನೊಂದಕ್ಕೆ, ಕೊಮಾಕಿನೊ 1980ರಲ್ಲಿ ತೆಳು ಪ್ಲಾಸ್ಟಿಕ್ ಡಿಸ್ಕಲ್ಲಿ ಅಂಗಡೀಲಿ ಪುಕ್ಕಟೆ ಹಂಚಿದ ಹಾಡು!

ಮೆಸೇಜ್ ಹಾಕ್ದೆ. "ಪಟ್ಟಿ ಸರಿಯಾಗೇ ಇದೆ, ನೋಡಿ" ಅಂದ. ಹೋಗಿ ನೋಡಿದ್ರೆ ಅಷ್ಟರಲ್ಲಿ 17 ಹೋಗಿ 10 ಆಗಿತ್ತು, ನನ್ನ ಹತ್ರ ಸ್ಕ್ರೀನ್‌ಶಾಟ್ ಇಲ್ಲ. ಆಮೇಲೆ ರಿಪ್ಲೈನೇ ಇಲ್ಲ.

ಇಂಗ್ಲೆಂಡಲ್ಲಿರೋರಿಗೆ ಒಂದ್ಮಾತು. ಮಾರೋನು ವ್ಯಾಪಾರಿ ಆಗಿದ್ರೆ, ಹೇಳಿದ್ದೊಂದು ಕೊಟ್ಟಿದ್ದೊಂದು ಆದ್ರೆ, 2015ರ ಗ್ರಾಹಕ ಕಾಯ್ದೆ ಪ್ರಕಾರ 30 ದಿನದೊಳಗೆ ಪೂರ್ತಿ ದುಡ್ಡು ವಾಪಸ್ ಕೇಳ್ಬಹುದು. ಸುಮ್ನೆ ಮನಸ್ಸು ಬದಲಾಯ್ತು ಅಂತ ವಾಪಸ್ ಕೊಡೋ 14 ದಿನದ ಸವಲತ್ತು ಬೇರೆ, ರೆಕಾರ್ಡಿನ ಸೀಲ್ ಒಡೆದ್ರೆ ಅದು ಹೋಯ್ತು. ನಾನು ಡಬ್ಬಿ ಬಿಚ್ಚೋ ಹೊತ್ತಿಗೆ 30ನೂ ದಾಟಿತ್ತು. ಹಾಗಾಗಿ ಕೊಳ್ಳೋ ಮುಂಚೆ ಲೇಬಲ್ ಫೋಟೋ ಕೇಳಿ, ಪೇಜ್ ಸ್ಕ್ರೀನ್‌ಶಾಟ್ ತೆಗೀರಿ, ಗಿಫ್ಟ್ ಆದ್ರೂ ಬಂದ ದಿನಾನೇ ಬಿಚ್ಚಿ. ಹಾಂ, ನ್ಯೂ ಆರ್ಡರ್‌ದೂ 1987ರಲ್ಲಿ ಇದೇ ಹೆಸ್ರಿನ ಆಲ್ಬಮ್ ಇದೆ, ಅದನ್ನ ತಂದ್ಬಿಟ್ಟೀರ ಜೋಕೆ.

ಹೋದ ವಾರ ಅಂಗಡಿಗೇ ಹೋಗಿ 2015ರ ಸೆಟ್ ತಗೊಂಡೆ. ಕೌಂಟರ್ ಹತ್ರಾನೇ ನಿಂತು ಎಣಿಸ್ದೆ, ಹತ್ತೊಂಬತ್ತು. ಮತ್ತೆ ಎಣಿಸ್ದೆ. ಅಂಗಡಿಯವ್ನು ಒಂಥರಾ ನೋಡ್ದ.