ಮಕ್ಕಳಿಗೆ ಮಧ್ಯಯುಗ ತೋರ್ಸೋಕೆ ಮೆಟ್ ಒಳ್ಳೇದಾ, ಕ್ಲಾಯ್ಸ್ಟರ್ಸಾ?

ನ್ಯೂಯಾರ್ಕಲ್ಲಿ ಮಕ್ಕಳಿಗೆ ಯುರೋಪಿನ ಮಧ್ಯಯುಗ ತೋರ್ಸ್ಬೇಕು ಅಂದ್ರೆ ಎರಡು ಜಾಗ, ಒಂದು ಫಿಫ್ತ್ ಅವೆನ್ಯೂದಲ್ಲಿರೋ ದೊಡ್ಡ ಮೆಟ್ (ಮೆಟ್ರೊಪಾಲಿಟನ್ ಕಲಾ ಮ್ಯೂಸಿಯಂ), ಇನ್ನೊಂದು ಅದರದ್ದೇ ಶಾಖೆ, 1938ರಲ್ಲಿ ಶುರುವಾದ ಕ್ಲಾಯ್ಸ್ಟರ್ಸ್. ಕತ್ತಿ, ಕುದುರೆ ಅಂದ್ರೆ ಪ್ರಾಣ ಬಿಡೋ ಮಗು ಆದ್ರೆ ಮೆಟ್‌ಗೇ ಹೋಗಿ, ಕುದುರೆಗೂ ಉಕ್ಕಿನ ಕವಚ ತೊಡಿಸಿರೋ ಸವಾರರ ಸಾಲೇ ನಿಂತಿದೆ, ಆದ್ರೆ ಅದ್ರಲ್ಲಿ ಬಹಳಷ್ಟು 16ನೇ ಶತಮಾನದ್ದು, ಮಧ್ಯಯುಗ ಮುಗಿದ್ಮೇಲಿಂದು.

ನನ್ನ ಓಟು ಕ್ಲಾಯ್ಸ್ಟರ್ಸ್‌ಗೆ. ಹಳೇ ಮಠಗಳ ಕಂಬ, ಕಮಾನುಗಳನ್ನ ಯುರೋಪಿಂದ ತಂದು ಜೋಡಿಸಿ ಕಟ್ಟಿರೋದ್ರಿಂದ ಬಿಲ್ಡಿಂಗೇ ಪಾಠ, ಜೊತೆಗೆ ಗಿಡಮೂಲಿಕೆ ತೋಟ. ಯೂನಿಕಾರ್ನ್ (ಕಥೆಗಳಲ್ಲಿ ಬರೋ ಒಂಟಿ ಕೊಂಬಿನ ಕುದುರೆ) ಟ್ಯಾಪೆಸ್ಟ್ರಿ, ಅಂದ್ರೆ ಚಿತ್ರ ನೇಯ್ದಿರೋ ಗೋಡೆಬಟ್ಟೆ, ಅದರ ಮುಂದೆ ಮಾತ್ರ ಅವಸರ ಮಾಡ್ಬೇಡಿ. ಬೇಲಿ ಒಳಗೆ ಕೂತಿರೋ ಬಿಳಿ ಯೂನಿಕಾರ್ನ್ ಮೈಮೇಲೆ ಕೆಂಪು ಹನಿ ಕಾಣುತ್ತೆ, ಮಕ್ಕಳು ರಕ್ತ ಅಂತಾರೆ, ಆಗ ಮೇಲಿರೋ ಮರ ತೋರ್ಸಿ, ಅದು ಒಡೆದ ದಾಳಿಂಬೆಯಿಂದ ಸೋರಿದ ರಸ!

ಚಿತ್ರ ಬಿಡಿಸೋಕೂ ಇದೇ ಸಲೀಸು, ಒಂದು ಪೆನ್ಸಿಲ್, ಸ್ಕೆಚ್‌ಬುಕ್ ಇದ್ರೆ ಸಾಕು, ಟ್ಯಾಪೆಸ್ಟ್ರಿಲಿರೋ ಹೂವು ಎಣಿಸ್ತಾ ಬಿಡಿಸ್ಲಿ. ಕವಚ ಬಿಡಿಸೋದು ಎಂಟು ವರ್ಷದೊಳಗಿನವರಿಗೆ ಕಷ್ಟಾನೇ. ಮನೆಗೆ ಬಂದ್ಮೇಲೆ ಹೆಸರಿನ ಮೊದಲಕ್ಷರ ದೊಡ್ಡದಾಗಿ ಬರೆಸಿ, ಸುತ್ತ ಬಳ್ಳಿ, ಪ್ರಾಣಿ, ಚಿನ್ನದ ಬಣ್ಣ ತುಂಬಿಸಿ, ಹಸ್ತಪ್ರತಿಗಳನ್ನ ಹಿಂಗೇ ಸಿಂಗರಿಸ್ತಿದ್ರು.